ಪುಟ್ಟ ಉಪಗ್ರಹಗಳನ್ನು ಕೇಳಲು ಆರ್‌ಟಿಎಲ್-ಎಸ್‌ಡಿಆರ್ ವಿ3 ಡಾಂಗಲ್

ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹಗಳ ಸಿಗ್ನಲ್ ಹಿಡಿಯುವ ಗ್ರೌಂಡ್ ಸ್ಟೇಷನ್ ಕಟ್ಟುವವರಿಗೆ ನಾನು ಮೊದಲು ಹೇಳುವುದು ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚುವ ಈ ಪುಟ್ಟ ರೇಡಿಯೊ ರಿಸೀವರ್‌ನ ಹೆಸರನ್ನೇ. ಒಳಗೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ನಿಖರತೆಯ ಟಿಸಿಎಕ್ಸ್‌ಒ, ಅಂದರೆ ಬಿಸಿ-ತಂಪಿನ ಏರುಪೇರನ್ನು ಸರಿದೂಗಿಸುವ ಆಸಿಲೇಟರ್ ಇದೆ, ಫ್ರೀಕ್ವೆನ್ಸಿ ಸುಮ್ನೆ ಜಾರುವುದಿಲ್ಲ. ಅದು ಬೇಕೇ ಬೇಕು. ಇಂಥ ಉಪಗ್ರಹಗಳು ಬಳಸುವ 437 ಮೆಗಾಹರ್ಟ್ಸ್‌ನಲ್ಲಿ ಡಾಪ್ಲರ್‌ನಿಂದಲೇ (ಉಪಗ್ರಹದ ವೇಗದಿಂದ ಫ್ರೀಕ್ವೆನ್ಸಿ ಬದಲಾಗುವುದು) ಸಿಗ್ನಲ್ ಆ ಕಡೆ ಈ ಕಡೆ ಸುಮಾರು 10 ಕಿಲೋಹರ್ಟ್ಸ್ ಸರಿಯುತ್ತದೆ ಅಲ್ವಾ? ಸಮಯದ ಜೊತೆ ಫ್ರೀಕ್ವೆನ್ಸಿ ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿ ಸಿಗ್ನಲ್‌ನ ಗೆರೆ ಎಸ್ ಆಕಾರದಲ್ಲಿ ಬಾಗುವುದನ್ನು ನೋಡಬೇಕು, ಬಹಳ ಚೆಂದ!

ಕೇಬಲ್ ಮೂಲಕವೇ ವಿದ್ಯುತ್ ಕಳಿಸುವ ಬಯಾಸ್ ಟೀ ಆನ್ ಮಾಡಿದರೆ ಆಂಟೆನಾ ಕೇಬಲ್‌ನಲ್ಲೇ 4.5 ವೋಲ್ಟ್ ಹೋಗುತ್ತದೆ. ಹಾಗಾಗಿ ಎಲ್‌ಎನ್‌ಎಯನ್ನು (ಸಣ್ಣ ಸಿಗ್ನಲ್ ಹಿಗ್ಗಿಸುವ, ಕಡಿಮೆ ಗದ್ದಲದ ಆಂಪ್ಲಿಫೈಯರ್) ಆಂಟೆನಾ ಬುಡದಲ್ಲೇ ಕೂರಿಸಬಹುದು.

ಕೊರತೆ ಎಂದರೆ ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಎಡಿಸಿ ಬರೀ 8 ಬಿಟ್‌ನದು. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಎಫ್‌ಎಂ ಸ್ಟೇಷನ್‌ಗಳ ಅಬ್ಬರಕ್ಕೆ ಸಣ್ಣ ಸಿಗ್ನಲ್ ಮುಳುಗುತ್ತದೆ. ಎಫ್‌ಎಂ ತಡೆಯುವ ಫಿಲ್ಟರ್ ಜೊತೆಗೇ ಕೊಳ್ಳಿ. ಡಾಂಗಲ್ ಜಾಸ್ತಿ ಬಿಸಿಯಾಗುತ್ತದೆ, ಹೆದರಬೇಡಿ. ಹವ್ಯಾಸಿಗಳ ಗ್ರೌಂಡ್ ಸ್ಟೇಷನ್‌ಗಳನ್ನು ಜೋಡಿಸುವ ಸ್ಯಾಟ್‌ನಾಗ್ಸ್ ಜಾಲ ಸೇರಲೂ ಇದೇ ಸಾಕು. ಇದು ಕೇಳುತ್ತದೆ ಅಷ್ಟೇ. ಉಪಗ್ರಹಕ್ಕೆ ಕಮಾಂಡ್ ಕಳಿಸಲು ಬೇರೆ ರೇಡಿಯೊ, ಲೈಸೆನ್ಸ್ ಎರಡೂ ಬೇಕು.