ಮೂರು ಕಾಲಿನ ಶಾವಿಗೆ ಒತ್ತು: ಒಬ್ಬರೇ ಇರುವವರು ಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಅರಸೀಕೆರೆ ಕಡೆಯವಳು. ನಮ್ಮ ಕಡೆಯೂ ಶಾವಿಗೆ ಒತ್ತುವವರು ಇದ್ದಾರೆ, ರಾಗಿಯದನ್ನೂ ಒತ್ತುತ್ತಾರೆ. ಆದರೆ ನಮ್ಮ ಮನೆಯಲ್ಲಿ ಒತ್ತು, ಅಂದರೆ ಶಾವಿಗೆ ಒತ್ತುವ ಸಾಧನ, ಇರಲಿಲ್ಲ. ಶಾವಿಗೆ ಅಂದರೆ ನಮಗೆ ಅಂಗಡಿಯಿಂದ ತಂದ ಒಣ ಶಾವಿಗೆ, ಹಬ್ಬಕ್ಕೆ ಪಾಯಸ, ಉಳಿದ ದಿನ ಉಪ್ಪಿಟ್ಟು. ಹಾಗಾಗಿ ಇದು ಪಳಗಿದ ಕೈಯ ಮಾತಲ್ಲ. ಎರಡೂವರೆ ತಿಂಗಳಲ್ಲಿ ಒಂಬತ್ತು ಸಲ ಒತ್ತಿ, ಒಂದು ಸಲ ಕೈ ಸುಟ್ಟುಕೊಂಡವಳ ಮಾತು.

ಕೊಂಡಿದ್ದು ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಒಂದು ಪಾತ್ರೆ ಅಂಗಡಿಯಲ್ಲಿ. ಕಬ್ಬಿಣದ ಮೂರು ಕಾಲು. ನಡುವೆ ಹಿಟ್ಟು ತುಂಬುವ ಸ್ಟೀಲ್ ಕೊಳವೆ. ಮೇಲೆ ತಿರುಪು, ಅದರ ತಲೆಗೆ ಎರಡು ಕಡೆ ಹಿಡಿ. ಕೆಳಗೆ ಹಾಕಲು ತೂತಿನ ಬಿಲ್ಲೆ ಎರಡು, ಒಂದು ಸಣ್ಣ ಎಳೆಗೆ, ಇನ್ನೊಂದು ದಪ್ಪ ಎಳೆಗೆ. ಅಂಗಡಿಯವರು 2,200 ಅಂದರು, 1,950ಕ್ಕೆ ಕೊಟ್ಟರು. ಸಿಕ್ಕಾಪಟ್ಟೆ ಭಾರ. ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಸಿಟಿ ಬಸ್ಸಿನಲ್ಲಿ ತಂದೆ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ನಾನು. ಹದಿನಾರು ವರ್ಷದಿಂದ ಲಗೇಜ್ ವಿಷಯಕ್ಕೆ ಜನರ ಮೇಲೆ ಕೂಗಾಡಿದವಳು, ಆ ದಿನ ಒತ್ತಿನ ಕಾಲು ಪಕ್ಕದವರ ಮೊಣಕಾಲಿಗೆ ತಾಗುತ್ತಿದ್ದರೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಇಷ್ಟು ಕಷ್ಟಪಟ್ಟು ಯಾಕೆ ತಂದೆ ಅಂತ ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ.

ಸಾಲಗಾಮೆ ರಸ್ತೆ ಕಡೆ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ನನ್ನ ಜೊತೆ ಇರುವವಳು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಸಕಲೇಶಪುರದ ಆಚೆಯ ಹಳ್ಳಿಯವಳು. ನನಗಿಂತ ಹದಿನೇಳು ವರ್ಷ ಚಿಕ್ಕವಳು. ನಾನು ಅವಳಿಗೆ ಇಟ್ಟ ಹೆಸರು ಝೀರೋ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಆಮೇಲೆ ಒಂದು ಶನಿವಾರವೂ ತಪ್ಪಿಸದೆ ಊರಿಗೆ ಹೋಗುತ್ತಾಳೆ. ಸೋಮವಾರ ಬೆಳಿಗ್ಗೆ ಅಕ್ಕಿ, ಕಾಯಿ, ಕಾಫಿ ಪುಡಿ, ಅಮ್ಮ ಕಟ್ಟಿಕೊಟ್ಟ ರೊಟ್ಟಿ ಎಲ್ಲಾ ಹೊತ್ತುಕೊಂಡು ಬರುತ್ತಾಳೆ.

ನಮಗಿಬ್ಬರಿಗೂ ದಿನಾ ಜಗಳ. ಹಾಸನದಿಂದ ಅವಳ ಸಕಲೇಶಪುರವೂ ನನ್ನ ಅರಸೀಕೆರೆಯೂ ಹೆಚ್ಚುಕಮ್ಮಿ ನಲವತ್ತು ಕಿಲೋಮೀಟರ್. ಒಂದೇ ಜಿಲ್ಲೆ. ಆದರೆ ಆ ಕಡೆ ಮಳೆ, ಅಕ್ಕಿ ರೊಟ್ಟಿ, ಕಡುಬು. ಈ ಕಡೆ ಬಿಸಿಲು, ತೆಂಗು, ರಾಗಿ. ನಾನು ಮುದ್ದೆ ಮಾಡಿದರೆ ಅವಳು ಅದನ್ನು ಚೂಯಿಂಗ್ ಗಮ್ ಅಗಿದ ಹಾಗೆ ಅಗಿಯುತ್ತಾಳೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ನುಂಗಬೇಕು ಅಂತ ನೂರು ಸಲ ಹೇಳಿದ್ದೇನೆ. ಒದ್ದೆ ಟವೆಲ್ ಕುರ್ಚಿ ಮೇಲೆ, ಕೂದಲು ಬಾತ್‌ರೂಮಿನ ಜಾಲರಿಯಲ್ಲಿ, ಗ್ಯಾಸ್ ಬುಕ್ ಮಾಡುವ ಸರದಿ ಯಾರದು, ಎಲ್ಲದಕ್ಕೂ ಒಂದೊಂದು ಸುತ್ತು ಆಗಿದೆ.

ಕಳೆದ ದೀಪಾವಳಿ ಹತ್ತಿರ ಬಂದಾಗ ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೆ ಒಂದೇ ಸಲ ತೆರೆಯುವ ಗುಡಿ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ತೆರೆದರೆ ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾರೆ. ಆ ದಿನಗಳಲ್ಲಿ ಊರು ತುಂಬಾ ಜನ, ಬಸ್ಸು ತುಂಬಾ ಜನ. ಒಂದು ರಾತ್ರಿ ಡ್ಯೂಟಿ ಮುಗಿಸಿ ಒಂಬತ್ತೂವರೆಗೆ ಮನೆಗೆ ಬಂದೆ. ಗಂಟಲು ಬಿದ್ದುಹೋಗಿತ್ತು. ಅಡುಗೆಮನೆ ಕತ್ತಲು. ಲೈಟ್ ಹಾಕಿದರೆ ಹುಡುಗಿ ನೆಲದ ಮೇಲೆ ಸಿಲಿಂಡರಿಗೆ ಒರಗಿ ಕೂತಿದ್ದಾಳೆ. ಕಣ್ಣು ಊದಿಕೊಂಡಿದೆ.

ನನ್ನ ಬಾಯಿಂದ ಬಂದ ಮೊದಲ ಮಾತು, "ಕರೆಂಟ್ ಇದೆ ಅಲ್ವಾ, ಲೈಟ್ ಹಾಕ್ಕೊಳ್ಳೋಕೇನು ರೋಗ?"

ಅವಳು ತಿರುಗಿ ಬೈಯಲಿಲ್ಲ. ಅದಕ್ಕೇ ಏನೋ ಆಗಿದೆ ಅಂತ ಗೊತ್ತಾಯಿತು.

ಹಿಂದಿನ ರಾತ್ರಿ ಅವರ ಗದ್ದೆಗೆ ಆನೆ ಇಳಿದಿದ್ದವು. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದು ಹೊಸದೇನಲ್ಲ. ಹಗಲು ಕಾಫಿ ತೋಟದ ಮರೆಯಲ್ಲಿ ನಿಂತಿರುತ್ತವೆ. ಭತ್ತದ ತೆನೆಗೆ ಹಾಲು ತುಂಬಿತು ಅಂದರೆ ಯಾರೂ ಹೇಳಿಕಳಿಸಬೇಕಾಗಿಲ್ಲ, ರಾತ್ರಿ ಇಳಿಯುತ್ತವೆ. ಮುಕ್ಕಾಲು ಎಕರೆ ಗದ್ದೆಯಲ್ಲಿ ಒಂದು ಮೂಲೆ ಮಾತ್ರ ನಿಂತಿತ್ತಂತೆ. ತಿಂದಿದ್ದಕ್ಕಿಂತ ತುಳಿದಿದ್ದೇ ಜಾಸ್ತಿ. ಅಪ್ಪ ಫೋನ್ ಮಾಡಿ, "ಸಂಜೆ ಮೇಲೆ ದಾರೀಲಿ ಆನೆ ಇದೆ ಮಗಾ, ಹಬ್ಬಕ್ಕೆ ಬರಬೇಡ" ಅಂದರಂತೆ. ಆಮೇಲೆ ನಕ್ಕು, "ಈ ವರ್ಷ ಶಾವಿಗೆಗೆ ಅಂಗಡಿ ಅಕ್ಕೀನೇ ಗತಿ" ಅಂದರಂತೆ. ಗದ್ದೆ ಹೋಗಿದ್ದಕ್ಕೆ ಅಳು ಬರಲಿಲ್ಲ ಅಕ್ಕ, ಅಪ್ಪ ನಕ್ಕರಲ್ಲ, ಅದಕ್ಕೆ ಬಂತು ಅಂದಳು.

ಇಂಥ ಹೊತ್ತಲ್ಲಿ ಏನು ಹೇಳಬೇಕು ಅಂತ ನನಗೆ ಯಾರೂ ಕಲಿಸಿಲ್ಲ. "ಫೋಟೋ ತೆಗೆದ್ರಾ? ಪರಿಹಾರಕ್ಕೆ ಅರ್ಜಿ ಹಾಕಿದ್ರಾ?" ಅಂತ ಕೇಳಿದೆ. ಕೇಳಬಾರದಿತ್ತು, ಇನ್ನೂ ಜೋರಾಗಿ ಅತ್ತಳು. ಕೈ ಎಲ್ಲಿಡಬೇಕು ಅಂತ ತಿಳಿಯದೆ ಬೆನ್ನು ತಟ್ಟಿದೆ. ಎರಡು ಸಲ, ಸ್ವಲ್ಪ ಜೋರಾಗಿಯೇ. ಬಸ್ಸಿನ ತಗಡು ತಟ್ಟಿ ತಟ್ಟಿ ಕೈಗೆ ಅದೇ ರೂಢಿ.

ಅಳುತ್ತಲೇ ಅವಳು ಕೇಳಿದಳು, "ಅಕ್ಕ, ನಾನೇನು ಬಸ್ಸಾ? ಎರಡು ಸಲ ತಟ್ಟಿದ್ರೆ ಹೊರಡು ಅಂತ ಅಲ್ವಾ?"

"ಹೊರಡ್ಬೇಡ. ಊಟ ಮಾಡು" ಅಂದೆ.

ಮುದ್ದೆ ತಿರುವಿದೆ. ಸೊಪ್ಪಿನ ಸಾರು ಬಿಸಿ ಮಾಡಿದೆ. ಅವಳು ಒಂದು ಮಾತೂ ಆಡದೆ, ಅಗಿಯದೆ, ಸುಮ್ನೆ ನುಂಗಿದಳು. ಮೂರು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನುಂಗಿದ್ದು. ನನಗೆ ಆಗ ನಿಜವಾಗಿ ಭಯ ಆಯಿತು.

ಮಾರನೆಯ ದಿನ ವಾರದ ರಜೆ. ಮಾರ್ಕೆಟ್ಟಿಗೆ ಹೋಗಿ ಒತ್ತು ತಂದೆ. ಯಾಕೆ ತಂದೆ ಅಂತ ಕೇಳಿದಳು. ಆಫರ್ ಇತ್ತು, ಸುಮ್ನೆ ತಂದೆ ಅಂದೆ. ಶಾವಿಗೆ ಒತ್ತಿಗೆ ಯಾರು ಆಫರ್ ಹಾಕುತ್ತಾರೆ ಹೇಳಿ.

ಇನ್ನು ಒತ್ತಿನ ವಿಷಯ. ಮೊದಲ ದಿನವೇ ಬಳಸಲು ಹೋಗಬೇಡಿ. ತಿರುಪಿಗೆ ಕಾರ್ಖಾನೆಯ ಗ್ರೀಸ್ ಮೆತ್ತಿರುತ್ತದೆ. ಬಿಸಿನೀರು, ಸೀಗೆಪುಡಿ ಹಾಕಿ ಮೂರು ಸಲ ಉಜ್ಜಿದ ಮೇಲೆ ಕಪ್ಪು ಬಿಡುವುದು ನಿಂತಿತು. ಮೊದಲ ಸಲ ಒತ್ತಿದ ಶಾವಿಗೆ ಕಾಗೆಗೆ ಹಾಕಿ ಅಂತ ಅಂಗಡಿಯವರು ಹೇಳಿದ್ದರು. ನಾನು ನಂಬಲಿಲ್ಲ. ಹೇಳಿದ್ದು ಸರಿಯಾಗಿತ್ತು, ಮೊದಲ ಹಿಡಿಯಲ್ಲಿ ಕಬ್ಬಿಣದ ವಾಸನೆ ಇತ್ತು.

ಅಕ್ಕಿ ಅವಳ ಮಂಚದ ಕೆಳಗಿನ ಚೀಲದ್ದು, ಹಿಂದಿನ ವರ್ಷ ಅದೇ ಗದ್ದೆಯಲ್ಲಿ ಬೆಳೆದದ್ದು. ಅದನ್ನು ಮುಟ್ಟುವುದೋ ಬೇಡವೋ ಅಂತ ಅವಳು ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು. ಹುಳ ಬೀಳೋಕೆ ಮುಂಚೆ ತಿನ್ನು ಅಂದೆ. ಇದೂ ಸಮಾಧಾನದ ಮಾತಲ್ಲ ಅಂತ ಈಗ ಅನ್ನಿಸುತ್ತಿದೆ. ಆದರೆ ಶಾವಿಗೆಗೆ ಹಳೆ ಅಕ್ಕಿಯೇ ಒಳ್ಳೆಯದು, ಹೊಸದು ಅಂಟುತ್ತದೆ.

ಐದು ಗಂಟೆ ನೆನೆಸಿ, ಉಪ್ಪು ಹಾಕಿ ನುಣ್ಣಗೆ ರುಬ್ಬಿದಳು. ಅದನ್ನು ಬಾಣಲೆಗೆ ಹಾಕಿ, ಸ್ವಲ್ಪ ಎಣ್ಣೆ ಬಿಟ್ಟು, ಗಟ್ಟಿಯಾಗುವ ತನಕ ಕೈ ಬಿಡದೆ ತಿರುವಬೇಕು. ಅವಳು ಚಮಚದಲ್ಲಿ ತಿರುವಿದರೆ ಬರೀ ಗಂಟು. "ಸರಿ ಅತ್ಲಾಗೆ" ಅಂತ ನಾನು ಮುದ್ದೆ ಕೋಲು ತಗೊಂಡೆ. "ಅಕ್ಕ, ಅದರಲ್ಲಿ ರಾಗಿ ವಾಸನೆ!" ಅಂತ ಕಿರುಚಿದಳು. ಕಿರುಚಲಿ ಅಂತಲೇ ನಾನೂ ಕಾಯುತ್ತಿದ್ದೆ. ಬಾಣಲೆಯನ್ನು ಕೆಳಗಿಳಿಸಿ, ಅದಕ್ಕೆ ಬಟ್ಟೆ ಸುತ್ತಿ, ಕಾಲಿನಿಂದ ಒತ್ತಿ ಹಿಡಿದು ತಿರುವಿದೆ. ಒಂದು ಗಂಟೂ ಇಲ್ಲ. ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟು, ಬೆಂದು ಮೇಲೆ ತೇಲಿದ ಮೇಲೆ ತೆಗೆದೆವು.

ಈಗ ಮುಖ್ಯ ವಿಷಯ. ಉಂಡೆ ಬಿಸಿ ಇರುವಾಗಲೇ ಒತ್ತಬೇಕು. ಆರಿದರೆ ಹಿಟ್ಟು ಕಲ್ಲಾಗುತ್ತದೆ, ತಿರುಪು ಅಲ್ಲಾಡುವುದಿಲ್ಲ. ಬಲ ಹಾಕಿದರೆ ಒತ್ತೇ ಗರಗರ ಸುತ್ತುತ್ತದೆ. ಟೈಲ್ಸ್ ನೆಲದ ಮೇಲಂತೂ ಜಾರುತ್ತದೆ. ಒಬ್ಬರು ಕಾಲುಗಳನ್ನು ಪಾದದಿಂದ ತುಳಿದು, ಕೈಯಿಂದ ಕೊಳವೆ ಹಿಡಿಯಬೇಕು. ಇನ್ನೊಬ್ಬರು ಎದ್ದು ನಿಂತು ಹಿಡಿ ತಿರುಗಿಸಬೇಕು. ಶಾವಿಗೆ ಕೆಳಗೆ ಇಳಿಯುವಾಗ ತಟ್ಟೆಯನ್ನೂ ಸುತ್ತಿಸುತ್ತಿರಬೇಕು, ಇಲ್ಲವಾದರೆ ಎಲ್ಲಾ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಸರಿಯಾಗಿ ನೋಡಿದರೆ ಎರಡೂವರೆ ಜನದ ಕೆಲಸ. ಅದಕ್ಕೇ ತಲೆಬರಹದಲ್ಲಿ ಹಾಗೆ ಬರೆದಿದ್ದು. ಒಬ್ಬರೇ ಇದ್ದರೆ ದುಡ್ಡು ದಂಡ.

ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಜಾರುವುದು ಕಡಿಮೆ. ಕೊಳವೆಯ ಒಳಗೆ ಎಣ್ಣೆ ಸವರಿ. ಅದನ್ನು ಬಟ್ಟೆ ಇಲ್ಲದೆ ಬರಿಗೈಯಲ್ಲಿ ಹಿಡಿಯಬೇಡಿ. ಆ ದಿನ ನಾನು ಹಿಡಿದೆ, ಎರಡು ಬೆರಳು ಬೊಬ್ಬೆ ಬಂತು. ಹುಡುಗಿ ತಕ್ಷಣ ಹಿಡಿ ಬಿಟ್ಟು ನನ್ನ ಕೈಯನ್ನು ನಲ್ಲಿ ಕೆಳಗೆ ಹಿಡಿದು ಹತ್ತು ನಿಮಿಷ ಬಿಡಲಿಲ್ಲ. ಐಸ್ ಇಡಬಾರದು, ಪೇಸ್ಟ್ ಹಚ್ಚಬಾರದು, ಹರಿಯುವ ತಣ್ಣೀರೇ ಸರಿ ಅಂತ ಪಾಠ ಬೇರೆ. ಅಷ್ಟರಲ್ಲಿ ಒತ್ತಿನಲ್ಲಿದ್ದ ಉಂಡೆ ಆರಿ ಕಲ್ಲಾಯಿತು. ಅದನ್ನು ತೆಗೆಯಲು ಮತ್ತೆ ಅರ್ಧ ಗಂಟೆ ಜಗಳ.

ಕಾಯಿಹಾಲಿಗೆ ಕಾಯಿ ನಮ್ಮೂರಿನದು. ಬೆಲ್ಲ, ಏಲಕ್ಕಿ ಹಾಕಿದೆವು. ಮೊದಲ ತಟ್ಟೆ ತಿಂದು, "ಅಮ್ಮ ಮಾಡೋದರ ಹಾಗಿಲ್ಲ" ಅಂದಳು. ಎರಡನೇ ತಟ್ಟೆಗೆ ತಾನೇ ಬಡಿಸಿಕೊಂಡಳು. ಮೂರನೆಯದಕ್ಕೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಅವರು ಒತ್ತನ್ನು ನೋಡಿ, "ಕಾಲಿನ ಬೆಸುಗೆ ಸರಿ ಇಲ್ವಲ್ಲ ತಾಯಿ, ಎಷ್ಟು ಕೊಟ್ರಿ?" ಅಂತ ನನ್ನನ್ನೇ ಕೇಳಿದರು.

ಬೆಸುಗೆ ನಿಜಕ್ಕೂ ಸರಿ ಇರಲಿಲ್ಲ. ನಾಲ್ಕನೇ ಸಲಕ್ಕೆ ಒಂದು ಕಾಲು ಅಲುಗಾಡಲು ಶುರುವಾಯಿತು. ಅಂಗಡಿಗೆ ಹೊತ್ತುಕೊಂಡು ಹೋದರೆ, "ನೀವು ತುಂಬಾ ಬಲ ಹಾಕಿರಬೇಕು ಮೇಡಂ" ಅಂದರು. ಬಲ ಹಾಕದೆ ಒತ್ತುವ ಶಾವಿಗೆ ಯಾವುದಪ್ಪ? ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ 100 ರೂಪಾಯಿ ಕೊಟ್ಟು ಹಾಕಿಸಿದೆ, ಈಗ ಗಟ್ಟಿ ಇದೆ. ಕಾಲಿನ ಬಣ್ಣ ಎದ್ದ ಕಡೆ ತುಕ್ಕು ಬರುತ್ತದೆ, ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿಡುತ್ತೇನೆ. ದಪ್ಪ ಎಳೆಯ ಬಿಲ್ಲೆ ಕೊಳವೆಗೆ ಸರಿಯಾಗಿ ಕೂರುವುದಿಲ್ಲ, ಪಕ್ಕದಿಂದ ಹಿಟ್ಟು ಹೊರಗೆ ಬರುತ್ತದೆ. ಸಣ್ಣದು ಚೆನ್ನಾಗಿದೆ. ಕೊಳ್ಳುವಾಗ ಅಂಗಡಿಯಲ್ಲೇ ಎರಡೂ ಬಿಲ್ಲೆ ಹಾಕಿ ನೋಡಿ, ಬೆಸುಗೆ ಮೇಲೆ ಬೆರಳಾಡಿಸಿ.

ಎರಡು ಕಪ್ ಅಕ್ಕಿಗೆ ನಾಲ್ಕು ಜನ ಹೊಟ್ಟೆ ತುಂಬಾ ತಿನ್ನಬಹುದು. ಉಳಿದದ್ದಕ್ಕೆ ಬೆಳಿಗ್ಗೆ ನಿಂಬೆಹಣ್ಣಿನ ಒಗ್ಗರಣೆ. ಕೋಳಿ ಸಾರಿನ ಜೊತೆ ಇನ್ನೂ ರುಚಿ, ಆದರೆ ಕೆಳಗಿನ ಮನೆಯ ಓನರ್ ಆಂಟಿ ಮಾಂಸ ತಿನ್ನುವುದಿಲ್ಲ, ಹಾಗಾಗಿ ಅವರು ಊರಿಗೆ ಹೋದಾಗ ಮಾತ್ರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರೂವರೆ ಸಾಕು ಅಂತ ಅವಳು ಪಕ್ಕದಿಂದ ಹೇಳಿದಳು. ದುಡ್ಡು ಕೊಟ್ಟವಳು ನಾನು.

ಇನ್ನೊಂದು. ಬಿಲ್ಲೆಯನ್ನು ಒತ್ತಿದ ಕೂಡಲೇ ನೀರಿಗೆ ಹಾಕಿ. ತೂತಿನಲ್ಲಿ ಹಿಟ್ಟು ಒಣಗಿದರೆ ಬ್ರಷ್‌ಗೂ ಬಗ್ಗುವುದಿಲ್ಲ. ನಿನ್ನೆ ರಾತ್ರಿ ತೊಳೆಯುವ ಸರದಿ ಝೀರೋ ಟಿಕೆಟ್‌ದು. ಬೆಳಿಗ್ಗೆ ಎದ್ದು ನೋಡಿದರೆ ಬಿಲ್ಲೆ ಸಿಂಕಿನ ದಂಡೆ ಮೇಲೆ ಹಾಗೇ ಒಣಗಿ ಕೂತಿದೆ. ಅವಳು ಆರೂವರೆ ಬಸ್ಸಿಗೆ ಊರಿಗೆ ಹೋದಳು. ನಾನು ಬಟ್ಟೆ ಹೊಲಿಯುವ ಸೂಜಿ ಹಿಡಿದು ಒಂದೊಂದೇ ತೂತು ಚುಚ್ಚುತ್ತಾ ಕೂತಿದ್ದೇನೆ. ಇನ್ನೂ ಅರ್ಧ ಬಿಲ್ಲೆ ಇದೆ.