14 ತಿಂಗಳು ಬಳಸಿದ ಇಂಗ್ಲಿಷ್ ಆ್ಯಪ್: 'ಲೆಟ್ ಡೌನ್' ಅಂದ್ರೆ ಕೆಳಗೆ ಬಿಡುವುದಂತೆ!

ಆ್ಯಪಿನ ಹೆಸರು ಬೇಡ. ವರ್ಷಕ್ಕೆ 1,799 ರೂಪಾಯಿ ಕಟ್ಟಿದ್ದೆ. ನನಗೆ ಅದು ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ವಾರವಾರ ಹೋಗಿಬರುವ ಎರಡು ತಿಂಗಳ ಬಸ್ ಚಾರ್ಜು. ಹಾಗಾಗಿ ಸ್ವಲ್ಪ ಸಿಟ್ಟು ಜಾಸ್ತಿಯೇ ಇದೆ.

ಕೆಲಸ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು. ಓದುತ್ತಿದ್ದದ್ದು ಕೇಂಬ್ರಿಡ್ಜ್‌ನವರ ಬಿ1 ಪ್ರಿಲಿಮಿನರಿ ಎಂಬ ಮಧ್ಯಮ ಮಟ್ಟದ ಇಂಗ್ಲಿಷ್ ಪರೀಕ್ಷೆಗೆ. ಬಿಡಿ ಪದಗಳನ್ನು ಈ ಆ್ಯಪ್ ಚೆನ್ನಾಗಿಯೇ ಕಲಿಸುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರೆಲ್ಲ, ಕ್ರಿಯಾಪದಕ್ಕೆ ಅಪ್, ಆಫ್ ಥರದ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳದ್ದು. 'ಲುಕ್ ಆಫ್ಟರ್' ಅಂದರೆ 'ನಂತರ ನೋಡು' ಎಂದು ತೋರಿಸುತ್ತದೆ. 'ಲೆಟ್ ಡೌನ್' ಅಂದರೆ 'ಕೆಳಗೆ ಬಿಡು'. ಯಾವುದೋ ಮಷೀನಿಗೆ ಹಾಕಿ ತೆಗೆದ ಕನ್ನಡ. ದುಡ್ಡು ತೆಗೆದುಕೊಂಡು ಹೀಗೆ ಮಾಡುವುದಾ?

ಮೂರು ಸಲ ದೂರು ಬರೆದೆ. ಮೂರು ಸಲವೂ ಧನ್ಯವಾದ ಬಂತು. ಅರ್ಥ ಬದಲಾಗಲಿಲ್ಲ.

ಡಿಸೆಂಬರಿನಲ್ಲಿ ಒಂದು ಶನಿವಾರ ರಾತ್ರಿ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅಮ್ಮ ಮೆಟ್ಟುಗತ್ತಿ ಮುಂದೆ, ಪಕ್ಕದಲ್ಲಿ ಸಿಪ್ಪೆಯ ರಾಶಿ. ನಾನು ಗೋಣಿಚೀಲದ ಮೇಲೆ ಕೂತು ಆ್ಯಪಿನ ಕಾರ್ಡ್ (ಮುಂದೆ ಇಂಗ್ಲಿಷ್, ಹಿಂದೆ ಕನ್ನಡ ಅರ್ಥ) ತಿರುಗಿಸುತ್ತಾ, ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದೆ. 'ಲೆಟ್ ಡೌನ್, ಕೆಳಗೆ ಬಿಡು.' ಅಮ್ಮ ಕೈ ನಿಲ್ಲಿಸದೆ, "ಅದೆಂತ ಮಾರಾಯ, ಯಾರನ್ನ ಕೆಳಗೆ ಬಿಡೋದು?" ಎಂದಳು. ನಂಬಿದವರು ಸಮಯಕ್ಕೆ ಆಗದೆ ಹೋದರೆ ಹಾಗೆನ್ನುತ್ತಾರೆ ಎಂದು ವಿವರಿಸಿದೆ. "ಇವತ್ತು ಕೊನೆಗಾರ ಬರ್ತೀನಿ ಅಂದು ಬರ್ಲಿಲ್ಲಲ್ಲ, ಅದೇ. ಕೈಕೊಟ್ಟ ಅಂತ ಹೇಳು," ಎಂದಳು ಅಮ್ಮ. ಕೊನೆಗಾರ ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವ.

ಕೈಕೊಟ್ಟ! ಅಲ್ಲೇ ಆ ಕಾರ್ಡಿನ ಅರ್ಥ ಅಳಿಸಿ ನನ್ನದು ಬರೆದೆ. ಕಾರ್ಡನ್ನು ಒತ್ತಿ ಹಿಡಿದರೆ ತಿದ್ದಬಹುದು. ಇದನ್ನು ಆ್ಯಪಿನವರು ಎಲ್ಲೂ ಹೇಳುವುದಿಲ್ಲ, ನನಗೂ ನಾಲ್ಕು ತಿಂಗಳಾದ ಮೇಲೆ ಅಕಸ್ಮಾತ್ತಾಗಿ ಸಿಕ್ಕಿತ್ತು. ಆ ರಾತ್ರಿ ಸುಮ್ನೆ ಆಟದ ಹಾಗೆ ಮುಂದುವರಿಯಿತು. 'ಗಿವ್ ಅಪ್' ಕೈಬಿಡು. 'ಟೇಕ್ ಅಪ್' ಕೈಗೆತ್ತಿಕೊ. ಅಂದುಕೊಂಡದ್ದು ಸರಿಹೋದರೆ 'ವರ್ಕ್ ಔಟ್', ಅದು ಕೈಗೂಡು. ಒಂದೇ ಕೈ, ಮುಂದೆ ಬರುವ ಪದ ಬದಲಾದರೆ ಅರ್ಥವೇ ಬೇರೆ. ಕೈಕೊಡು ಅನ್ನುವುದನ್ನು ಬಿಡಿಸಿ ನೋಡಿದರೆ ಮೋಸ ಎಲ್ಲಿದೆ? ಹುಟ್ಟಿದಾಗಿನಿಂದ ಇದನ್ನೇ ಆಡಿಕೊಂಡು, ಇಂಗ್ಲಿಷಿನವರು ಮಾಡಿದರೆ ಮಾತ್ರ ತಲೆ ಕೆಡಿಸಿಕೊಂಡಿದ್ದೆ. 'ಲುಕ್ ಆಫ್ಟರ್' ಕೂಡ ಹಾಗೇ. ನಮ್ಮಲ್ಲೂ ನೋಡು ಬೇರೆ, ನೋಡಿಕೊ ಬೇರೆ, ಅಲ್ವಾ?

ಅಲ್ಲಿಂದ ಆ್ಯಪಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು ಎನ್ನಬೇಕು. ದಿನಾ ಬೆಳಿಗ್ಗೆ ರೂಮಿನಲ್ಲಿ ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು 20 ಕಾರ್ಡ್. ಸರಿ ಹೇಳಿದ ಕಾರ್ಡ್ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಬರುತ್ತದೆ. ತಪ್ಪಿದ್ದು ಮರುದಿನವೇ ಹಾಜರ್. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಈ ಉಪಾಯ ಹೊಸದೇನಲ್ಲ. ಲೈಟ್ನರ್ ಎಂಬ ಜರ್ಮನ್ ಬರಹಗಾರ 1972ರಲ್ಲೇ ಬರೀ ಕಾಗದದ ಚೀಟಿ, ಡಬ್ಬಿಗಳಲ್ಲಿ ಇದನ್ನು ಮಾಡಿ ತೋರಿಸಿದ್ದ. ಆದರೆ ಚೀಟಿ ಲೆಕ್ಕ ಇಡುವಷ್ಟು ತಾಳ್ಮೆ ನನಗಿಲ್ಲ. ಇಡೀ ದಿನ ಮಂಡಿಯಲ್ಲಿ ಮಾಡುವುದು ಅದೇ ಕೆಲಸ.

ಉದಾಹರಣೆ ವಾಕ್ಯ ಓದುವ ದನಿಯೂ ಇಷ್ಟವಾಯಿತು. 'ಪುಟ್ ಆಫ್' ಅಂದರೆ ಮುಂದೂಡು; ಅದರಲ್ಲಿ 'ಪುಟ್ ಇಟ್ ಆಫ್' ಸರಿ, 'ಪುಟ್ ಆಫ್ ಇಟ್' ತಪ್ಪು. ಆದರೆ 'ಲುಕ್ ಆಫ್ಟರ್ ಇಟ್' ಅನ್ನುವಾಗ ಆ 'ಇಟ್' ನಡುವೆ ಬರುವ ಹಾಗಿಲ್ಲ. ನಿಯಮ ಓದಿ ಇದು ತಲೆಗೆ ಹತ್ತಿರಲಿಲ್ಲ. ಕೇಳಿ ಕೇಳಿ ಹತ್ತಿತು.

ಇನ್ನು ಬಸ್ಸು. ಸಕ್ರೆಬೈಲು ದಾಟಿದ ಮೇಲೆ ನನ್ನ ಸಿಮ್ಮಿಗೆ ನೆಟ್‌ವರ್ಕ್ ಬಂದರೆ ಬಂತು. ನೆಟ್ ಇಲ್ಲದಿದ್ದರೆ ದನಿ ಬರುವುದಿಲ್ಲ, ಆ ದಿನದ ಅಭ್ಯಾಸ ಲೆಕ್ಕಕ್ಕೂ ಸೇರುವುದಿಲ್ಲ. ಜುಲೈ ಮಳೆಗೆ ಮನೆಯಲ್ಲಿ ಎರಡು ದಿನ ಕರೆಂಟಿಲ್ಲದೆ ಒಂದು ದಿನವೂ ತಪ್ಪದ ನನ್ನ 211 ದಿನಗಳ ಅಭ್ಯಾಸದ ಸಾಲು ಸೊನ್ನೆಗೆ ಬಂತು. ಅದನ್ನು ಮರಳಿ ಪಡೆಯಲು 99 ರೂಪಾಯಿಯಂತೆ. ಕೊಡಲಿಲ್ಲ.

ಪರೀಕ್ಷೆಗೆ ಬೆಂಗಳೂರಿಗೆ ಹೋದೆ. ರೀಡಿಂಗಿನ 5ನೇ ಭಾಗದಲ್ಲಿ ನಾಲ್ಕು ಆಯ್ಕೆ ಕೊಡುತ್ತಾರೆ, ಆ್ಯಪಿನ ಆಟದ ಹಾಗೇ ಸಲೀಸು. 6ನೇ ಭಾಗದಲ್ಲಿ ಆರು ಖಾಲಿ ಜಾಗ, ಆಯ್ಕೆ ಒಂದೂ ಇಲ್ಲ. ಪ್ರತಿಯೊಂದಕ್ಕೂ ಒಂದೇ ಪದ, ನಾವೇ ಬರೆಯಬೇಕು. ಬೇಕಾದ್ದು ಹೆಚ್ಚಾಗಿ ಚಿಕ್ಕ ಪದಗಳೇ, ಆಫ್, ಔಟ್, ಅಪ್ ಥರದವೂ ಅದರಲ್ಲಿ ಬರುತ್ತವೆ. ವರ್ಷವಿಡೀ ನಾಲ್ಕರಲ್ಲಿ ಒಂದು ಒತ್ತಿ ಅಭ್ಯಾಸವಾದ ಬೆರಳು ಅಲ್ಲಿ ಏನು ಮಾಡಬೇಕು? ಬರೆಯುವ ಅಭ್ಯಾಸ ಈ ಆ್ಯಪಿನಲ್ಲಿ ಇಲ್ಲವೇ ಇಲ್ಲ. ಪಾಸಾಗಲು 140 ಸಾಕು, ನನಗೆ 151 ಬಂತು. ಇನ್ನೆರಡು ಬಂದಿದ್ದರೆ ಮೆರಿಟ್. ಆ ಎರಡನ್ನು ನಾನು ಇವರ ಖಾತೆಗೇ ಬರೆದಿದ್ದೇನೆ.

ಚಂದಾ ಮುಗಿದು ಎರಡು ತಿಂಗಳಾಯಿತು. ಈಗ ಪುಕ್ಕಟೆಯದ್ದು, ಐದು ಕಾರ್ಡಿಗೊಂದು ಜಾಹೀರಾತು. ನಾನು ತಿದ್ದಿದ ಅರ್ಥಗಳು ಹಾಗೇ ಇವೆ, ಹೊಸದನ್ನು ತಿದ್ದಲು ಬಿಡುತ್ತಿಲ್ಲ. ಮುಂದಿನ ತಿಂಗಳು ಅಡಿಕೆ ಕೊನೆ ತೆಗೆಯುವುದು ಶುರು. ಅಷ್ಟರಲ್ಲಿ ರಿಯಾಯಿತಿಯಲ್ಲಿ 600 ರೂಪಾಯಿಯೊಳಗೆ ಕೊಟ್ಟರೆ ಮತ್ತೆ ಕಟ್ಟುತ್ತೇನೆ. ಅಮ್ಮ ಆಗಲೇ ಎರಡು ಸಲ ಕೇಳಿದ್ದಾಳೆ, ಈ ವರ್ಷ ಇಂಗ್ಲಿಷ್ ಇಲ್ವಾ ಅಂತ.