ಪ್ಲಾಸ್ಟರ್ ಬಿಚ್ಚಿದ ಮೇಲಿನ ಏಳು ವಾರ: ನಮ್ಮ ಬಡಾವಣೆಯ ಫಿಸಿಯೋಥೆರಪಿ ಕೇಂದ್ರದ ಅನುಭವ

ಕಳೆದ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿದ ನನ್ನ ತಾಯಿ, 67 ವರ್ಷದವರು, ನೆಲಕ್ಕೆ ಕೈಯೂರಿದ್ದರಿಂದ ಬಲ ಮಣಿಕಟ್ಟಿನ ಬಳಿ ಮೂಳೆ ಮುರಿದುಕೊಂಡರು. 6 ವಾರಗಳ ನಂತರ ಪ್ಲಾಸ್ಟರ್ ತೆಗೆದಾಗ ಮೂಳೆ ಸರಿಯಾಗಿ ಕೂಡಿಕೊಂಡಿರುವುದು ಎಕ್ಸ್‌-ರೇಯಲ್ಲಿ ಕಂಡಿತು. ಆದರೆ ಅವರಿಗೆ ಕಾಫಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಬೆರಳುಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ಅಂಗೈ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ. ಮೊದಲು ಹೋದ ಒಂದು ಕಡೆ ಹತ್ತು ದಿನದ ಹಣವನ್ನು ಮುಂಗಡವಾಗಿ ಪಡೆದು, ದಿನವೂ ಕಾಲು ಗಂಟೆ ಕೈಗೆ ವಿದ್ಯುತ್ ಯಂತ್ರದ ಪಟ್ಟಿ ಅಂಟಿಸಿ ಕಳುಹಿಸಿದರು. ಆ ಹತ್ತು ದಿನಗಳಲ್ಲಿ ಒಬ್ಬರೂ ಅವರಿಗೆ ಮುಷ್ಟಿ ಹಿಡಿಯಿರಿ ಎನ್ನಲಿಲ್ಲ. ಅದರ ನಂತರ ನಾವು ಬಂದದ್ದು ಈ ಕೇಂದ್ರಕ್ಕೆ.

ಮೊದಲ ಭೇಟಿಯ ಮುಕ್ಕಾಲು ಗಂಟೆಯಲ್ಲಿ ಹೆಚ್ಚಿನ ಪಾಲು ಕೈಯನ್ನು ಅಳೆಯುವುದಕ್ಕೂ ಅದು ಕೆಲಸ ಮಾಡುವ ಬಗೆಯನ್ನು ತಿಳಿಸುವುದಕ್ಕೂ ಹೋಯಿತು. ಚಿಕಿತ್ಸಕಿ ತಾಯಿಯ ಎಡಗೈಯನ್ನು ಮೇಜಿನ ಮೇಲಿರಿಸಿ, ಮೊಣಕೈಯ ಕೆಳಗಿನ ದಪ್ಪ ಭಾಗದ ಮೇಲೆ ನನ್ನ ಬೆರಳನ್ನು ಇಡಿಸಿ, "ಈಗ ಬೆರಳು ಆಡಿಸಿ ಅಮ್ಮಾ" ಎಂದರು. ಬೆರಳು ಬಗ್ಗಿದಾಗಲೆಲ್ಲ ನನ್ನ ಬೆರಳಿನಡಿ ಸ್ನಾಯು ಉಬ್ಬಿ ಇಳಿಯುತ್ತಿತ್ತು. ಬೆರಳುಗಳನ್ನು ಬಲವಾಗಿ ಬಗ್ಗಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟಿನ 8 ಪುಟ್ಟ ಮೂಳೆಗಳ ಮುಂದಿನ ಇಕ್ಕಟ್ಟಾದ ದಾರಿಯಲ್ಲಿ ನುಸುಳಿ ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಸ್ನಾಯುವಿಗೆ ಎಳೆಯಲು ಬರುತ್ತದೆಯೇ ಹೊರತು ತಳ್ಳಲು ಬರುವುದಿಲ್ಲ. ಆದ್ದರಿಂದಲೇ ಬಗ್ಗಿಸಲು ಒಂದು ಗುಂಪು, ನೆಟ್ಟಗೆ ಮಾಡಲು ಹಿಂಬದಿಯಲ್ಲಿ ಇನ್ನೊಂದು ಗುಂಪು ಇರಬೇಕಾಗುತ್ತದೆ, ಮತ್ತು ಒಂದು ಎಳೆಯುವಾಗ ಇನ್ನೊಂದು ಸಡಿಲವಾಗಬೇಕಾಗುತ್ತದೆ. 6 ವಾರ ಅಲುಗಾಡದೆ ಕುಳಿತ ಕೈಯಲ್ಲಿ ಸ್ನಾಯು ಸೊರಗಿ, ಕೀಲು ಬಿಗಿದು, ರಜ್ಜುಗಳು ಸುತ್ತಲಿನ ಅಂಗಾಂಶಕ್ಕೆ ಅಂಟಿದಂತಾಗಿರುತ್ತವೆ. ಮುರಿದದ್ದು ಮೂಳೆಯಾದರೂ ಕೈ ನಿಂತುಹೋದದ್ದು ಏಕೆ ಎಂಬುದು ನಮಗೆ ಅಂದೇ ಅರ್ಥವಾಯಿತು.

ಯಂತ್ರಗಳು ಇಲ್ಲಿಯೂ ಇವೆ, ಆದರೆ ನಮಗೆ ಬಳಸಿದ್ದು ಕರಗಿಸಿದ ಮೇಣದ ಶಾಖ ಒಂದನ್ನೇ, ಅದೂ ವ್ಯಾಯಾಮಕ್ಕೆ ಮುನ್ನ ಹತ್ತು ನಿಮಿಷ. ಉಳಿದದ್ದೆಲ್ಲ ತಾಯಿಯೇ ಮಾಡಬೇಕಾದ ಕೆಲಸ. ಮೊದಲ ವಾರ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸುವುದು, ಸ್ಪಂಜು ಹಿಂಡುವುದು. ಮೂರನೆಯ ವಾರ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ಎತ್ತಿ ಇಳಿಸುವುದು. ಐದನೆಯ ವಾರ ಒದ್ದೆ ಟವೆಲ್ ಹಿಂಡುವುದು ಮತ್ತು ಗೋಡೆಗೆ ಎರಡೂ ಅಂಗೈ ಊರಿ ಮೈಯ ಭಾರವನ್ನು ಅದರ ಮೇಲೆ ಬಿಡುವುದು. ಮುರಿದ ಕೈಯ ಮೇಲೆ ಭಾರ ಬಿಡುವುದೆಂದರೆ ನನಗೆ ಎದೆ ನಡುಗಿತು. ಮೂಳೆ ಕಲ್ಲಿನಂಥ ಜಡ ವಸ್ತುವಲ್ಲ, ಅದರಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ಕೆಲಸದಲ್ಲಿರುತ್ತವೆ, ಸ್ನಾಯುವಿನ ಎಳೆತ ಮತ್ತು ಮೈಭಾರ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ ಎಂದು ಅವರು ವಿವರಿಸಿದರು. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಈ ತತ್ತ್ವವನ್ನು ಪ್ರತಿಪಾದಿಸಿದ್ದರು. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟ, ಕಾಲಿನ ಮೂಳೆಗಳು ತಿಂಗಳಿಗೆ ಸುಮಾರು 1 ಪ್ರತಿಶತದಷ್ಟು ಸಾಂದ್ರತೆ ಕಳೆದುಕೊಳ್ಳುವುದು ಇದೇ ಮಾತಿನ ಇನ್ನೊಂದು ಮುಖ.

ನಾನು ಈ ಕೇಂದ್ರವನ್ನು ಹೆಚ್ಚು ಮೆಚ್ಚಿದ್ದು ಕೈಗಾಗಿ ಹೋದವರ ಕಾಲನ್ನೂ ಅವರು ನೋಡಿದ್ದಕ್ಕೆ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದಿದೆಯೆಂದರೆ ಮೂಳೆ ಟೊಳ್ಳಾಗಿರಬಹುದು, ಮುಂದಿನ ಬಾರಿ ಸೊಂಟದ ಬಳಿ ಮುರಿಯಬಹುದು ಎಂದು ಹೇಳಿ, ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಗಾಗಿ ವೈದ್ಯರ ಬಳಿ ಕಳುಹಿಸಿದರು. ಮೂಳೆಯ ಸಾಂದ್ರತೆಯನ್ನು ಆರೋಗ್ಯವಂತ ಯುವ ವಯಸ್ಕರದಕ್ಕೆ ಹೋಲಿಸಿ ಕೊಡುವ ಅಂಕವಾದ ಟಿ-ಸ್ಕೋರ್ ಮೈನಸ್ 2.7 ಬಂದಿತು, ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಔಷಧಿಯ ವಿಚಾರವನ್ನು ಪೂರ್ತಿಯಾಗಿ ವೈದ್ಯರಿಗೇ ಬಿಟ್ಟು, ಕೇಂದ್ರದವರು ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಅಡುಗೆಕಟ್ಟೆ ಹಿಡಿದು ಒಂದೇ ಕಾಲಿನ ಮೇಲೆ ನಿಲ್ಲುವುದು ಇವುಗಳನ್ನು ದಿನಚರಿಗೆ ಸೇರಿಸಿದರು. ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂಗೂ ಹೆಚ್ಚು ಇರುವುದರಿಂದ ನಮ್ಮ ಮನೆಯ ಊಟದಲ್ಲಿ ಹೊಸದಾಗಿ ಬದಲಿಸುವಂಥದ್ದು ಹೆಚ್ಚೇನೂ ಇರಲಿಲ್ಲ, ರಾತ್ರಿ ಒಂದು ಲೋಟ ಹಾಲು ಸೇರಿತು ಅಷ್ಟೆ.

ಕೊರತೆಗಳೂ ಇವೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಒಂದೇ ಬದಿಯಲ್ಲಿ ಕಂಬಿಯಿದೆ. ಮಂಡಿನೋವಿನವರು, ಸೊಂಟದ ಶಸ್ತ್ರಚಿಕಿತ್ಸೆ ಆದವರು ಬರುವ ಜಾಗಕ್ಕೆ ಇದು ದೊಡ್ಡ ದೋಷವೇ ಸರಿ. ಬಾಯಲ್ಲಿ ಎಲ್ಲವನ್ನೂ ಸೊಗಸಾದ ಕನ್ನಡದಲ್ಲಿ ವಿವರಿಸುವವರು ಮನೆಗೆ ಕೊಡುವ ವ್ಯಾಯಾಮದ ಹಾಳೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಅಚ್ಚು ಹಾಕಿಸಿದ್ದಾರೆ. ಅದನ್ನು ನಾನೇ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕಾಯಿತು.

ಒಂದು ಭೇಟಿಗೆ 400 ರೂಪಾಯಿ. ದಿನವೂ ಬರಬೇಕಿಲ್ಲ, ವಾರಕ್ಕೆ ಎರಡು ಸಲ ಸಾಕು, ಉಳಿದ ದಿನ ಮನೆಯಲ್ಲೇ ಮಾಡಿ ಎಂದು ಅವರೇ ಹೇಳಿದ್ದರಿಂದ 7 ವಾರಗಳಿಗೆ 5,600 ರೂಪಾಯಿ ಆಯಿತು. ತಾಯಿಯ ಮುಷ್ಟಿ ಈಗ ಪೂರ್ತಿ ಬಿಗಿಯುತ್ತದೆ; ಅಂಗೈ ತಿರುಗುವುದು ಎಡಗೈಯಷ್ಟು ಸಲೀಸಾಗಿಲ್ಲ. ಇಬ್ಬರಿಗಾಗುವಷ್ಟು ಮುದ್ದೆಯ ಹಿಟ್ಟನ್ನು ತಾವೇ ತೊಳಸುತ್ತಾರೆ, ನೆಂಟರು ಬಂದ ದಿನ ಕೋಲು ನನ್ನ ಕೈಗೆ ಬರುತ್ತದೆ. ಹೋಗುವವರು ಹಳೆಯ ಎಕ್ಸ್‌-ರೇಗಳನ್ನು ಮರೆಯದೆ ಒಯ್ಯಿರಿ. ಸಂಜೆ ಬಹಳ ಕಾಯಬೇಕಾಗುತ್ತದೆ, ಬೆಳಿಗ್ಗೆ 11 ಗಂಟೆಯ ನಂತರ ಬಿಡುವಿರುತ್ತದೆ.